ಬೀದಿಗಳ ಹೆಸರಾದ ಹುಡುಗರು



ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಫಿಲಿಪೀನ್ಸ್ ದೇಶದಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾಳೆ. ನಮ್ಮ ಕಡೆಯ ಮಕ್ಕಳು ಈಚಿನ ವರ್ಷಗಳಲ್ಲಿ ಅಲ್ಲಿಗೆ ಹೋಗುವುದು ನಿಮಗೆಲ್ಲ ತಿಳಿದದ್ದೇ. ಆಕೆ ರಜೆಯಲ್ಲಿ ಮನಿಲಾಕ್ಕೆ ಹೊಂದಿಕೊಂಡಿರುವ ಕೆಸೋನ್ ನಗರಕ್ಕೆ ಹೋಗಿದ್ದಳಂತೆ. ಅಲ್ಲಿನ ಒಂದು ಬಡಾವಣೆಯಲ್ಲಿ ಯಾವ ತಿರುವಿಗೆ ಹೋದರೂ ಬೀದಿಯ ಫಲಕದ ಮೇಲೆ 'ಸ್ಕೌಟ್' ಎಂಬ ಪದ: ಸ್ಕೌಟ್ ಟೋಬಿಯಾಸ್, ಸ್ಕೌಟ್ ರೇಯೆಸ್, ಸ್ಕೌಟ್ ಬೊರೊಮಿಯೊ, ಸ್ಕೌಟ್ ಮದ್ರಿನ್ಯಾನ್. "ತಾತ, ನೀವು ಸ್ಕೌಟ್ ಮಾಸ್ಟರ್ ಆಗಿದ್ದಿರೆಂದು ಅಪ್ಪ ಹೇಳುತ್ತಾರೆ. ಇವರೆಲ್ಲ ಯಾರು?" ಎಂದು ಪತ್ರ ಬರೆದಳು. ಉತ್ತರವನ್ನು ಆಕೆಯೊಬ್ಬಳಿಗೇ ಬರೆಯುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಕಥೆಯ ಬಹುಮುಖ್ಯ ಅಧ್ಯಾಯವೊಂದು ನಮ್ಮ ಅರಬ್ಬೀ ಸಮುದ್ರದಲ್ಲಿ ಮುಗಿಯುತ್ತದೆ. ಆದರೂ ನಮ್ಮಲ್ಲಿ ಅದನ್ನು ಬಲ್ಲವರು ವಿರಳ.

ಫಿಲಿಪೀನ್ಸ್ ಎಂಬುದು ಪೆಸಿಫಿಕ್ ಸಾಗರದ ಪಶ್ಚಿಮ ಅಂಚಿನಲ್ಲಿ ಚೆಲ್ಲಿದ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ನಾಡು. ಮೂರು ಶತಮಾನಗಳಿಗೂ ಮಿಕ್ಕಿ ಸ್ಪೇನಿನ ಅಧೀನದಲ್ಲಿದ್ದ ಈ ದ್ವೀಪಗಳನ್ನು 1898ರ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ ಎರಡು ಕೋಟಿ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು. ಸ್ವಾತಂತ್ರ್ಯ ಬಂತೆಂದು ಸಂಭ್ರಮಿಸಿದ್ದ ಜನ ಒಡೆಯ ಮಾತ್ರ ಬದಲಾದನೆಂದು ಅರಿತು ದಂಗೆ ಎದ್ದರು. ಉತ್ತರದ ದ್ವೀಪಗಳಲ್ಲಿ ಆ ಯುದ್ಧ ಕೆಲವು ವರ್ಷಗಳಲ್ಲಿ ತಣ್ಣಗಾಯಿತು. ದಕ್ಷಿಣದ ಮಿಂಡನಾವೊ ಮತ್ತು ಸುಲು ದ್ವೀಪಗಳಲ್ಲಿ ವಾಸಿಸುವ ಮೋರೊ ಎಂಬ ಮುಸ್ಲಿಂ ಜನರು ಮಾತ್ರ ಹದಿನೈದು ವರ್ಷವಾದರೂ ಬಗ್ಗಲಿಲ್ಲ. 1906ರಲ್ಲಿ ಹೋಲೊ ದ್ವೀಪದ ಬುದ್ ದಾಹೊ ಎಂಬ ಜ್ವಾಲಾಮುಖಿಯ ಬಾಯಲ್ಲಿ ಆಶ್ರಯ ಪಡೆದಿದ್ದ ನೂರಾರು ಮಂದಿ, ಹೆಂಗಸರು ಮಕ್ಕಳೆನ್ನದೆ, ಅಮೆರಿಕನ್ ಸೇನೆಯ ಗುಂಡಿಗೆ ಬಲಿಯಾದರು. 1913ರ ಜೂನ್ ತಿಂಗಳಿನಲ್ಲಿ ಬುದ್ ಬಗ್ಸಾಕ್ ಬೆಟ್ಟದಲ್ಲಿ ಅಂಥದೇ ಇನ್ನೊಂದು ಕದನ ನಡೆಯಿತು.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ಬುದ್ ಬಗ್ಸಾಕ್ ಕದನದ ಮರುವರ್ಷವೇ, ಅಂದರೆ 1914ರ ನವೆಂಬರಿನಲ್ಲಿ, ಮಿಂಡನಾವೊದ ಜಾಂಬೋವಾಂಗಾ ಪಟ್ಟಣದಲ್ಲಿ ಶೆರ್ಮನ್ ಕೈಸರ್ ಎಂಬ ಅಮೆರಿಕನ್ ಸೇನೆಯ ಕಿರಿಯ ಅಧಿಕಾರಿ ಇಪ್ಪತ್ತಕ್ಕೂ ಹೆಚ್ಚು ಮೋರೊ ಹುಡುಗರನ್ನು ಕೂಡಿಸಿ ಒಂದು ಸ್ಕೌಟ್ ದಳವನ್ನು ಕಟ್ಟಿದನು. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ತನ್ನ ಮೊದಲ ಪ್ರಯೋಗ ಶಿಬಿರವನ್ನು ನಡೆಸಿ ಆಗಿನ್ನೂ ಏಳೇ ವರ್ಷ ಕಳೆದಿತ್ತು. ದಳಕ್ಕೆ ಇಟ್ಟದ್ದು ಲೊರಿಲಾರ್ಡ್ ಸ್ಪೆನ್ಸರ್ ಎಂಬ ಅಮೆರಿಕನ್ ಹೆಸರು. ಅದೇ ಮನೆತನದ ಶ್ರೀಮಂತ ಮಹಿಳೆಯೊಬ್ಬರು ಮೋರೊ ಜನರ ನಡುವೆ ಸೇವಾಕಾರ್ಯ ನಡೆಸುತ್ತಿದ್ದರು.

ಆ ಹುಡುಗರ ಮನೆಗಳಲ್ಲಿ ಅಂದು ಏನು ಮಾತು ನಡೆದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೆನ್ನೆ ಬಂದೂಕು ಹಿಡಿದು ಬಂದ ಸೇನೆಯವನೇ ಇಂದು ಹಗ್ಗ ಹಿಡಿದು ಗಂಟು ಹಾಕುವುದನ್ನು ಕಲಿಸುತ್ತೇನೆಂದು ಬಂದರೆ ಯಾವ ತಾಯಿ ನಂಬಿಯಾಳು? ಆದರೂ ಹುಡುಗರು ಬಂದರು. ಹಗ್ಗ, ಚಾಕು, ಡೇರೆ, ಬೆಂಕಿ ಇವುಗಳ ಸೆಳೆತಕ್ಕೆ ಸಿಲುಕದ ಹನ್ನೆರಡು ವರ್ಷದ ಹುಡುಗನನ್ನು ನನ್ನ ಸೇವಾವಧಿಯಲ್ಲಿ ನಾನಂತೂ ಕಂಡಿಲ್ಲ.

ಸ್ಕೌಟ್ ಚಳವಳಿಯೆಂದರೆ ಸಾಮ್ರಾಜ್ಯಗಳು ತಮಗೆ ಬೇಕಾದ ವಿಧೇಯ ಪ್ರಜೆಗಳನ್ನು ತಯಾರಿಸಿಕೊಂಡ ಕಾರ್ಖಾನೆ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಜಾಂಬೋವಾಂಗಾದ ಕಥೆಯನ್ನು ಓದಿದಾಗ ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಕಲಿಸಿದವನ ಉದ್ದೇಶವೇ ಕಲಿತವನ ಉದ್ದೇಶವೂ ಆಗಬೇಕೆಂಬ ನಿಯಮವೇನೂ ಇಲ್ಲವಲ್ಲ. ಮೆಕಾಲೆಯ ಶಿಕ್ಷಣದಿಂದ ನಮ್ಮಲ್ಲಿ ಬರಿಯ ಗುಮಾಸ್ತರು ಹುಟ್ಟಲಿಲ್ಲ, ಸ್ವಾತಂತ್ರ್ಯ ಹೋರಾಟಗಾರರೂ ಹುಟ್ಟಿದರು. ಫಿಲಿಪೀನ್ಸಿನ ಸ್ಕೌಟುಗಳು ಮುಂದೆ ಏನಾದರೆಂಬುದನ್ನು ನೋಡಿ, ಆಮೇಲೆ ತೀರ್ಮಾನಿಸಿ.

ನಡುವಿನ ವರ್ಷಗಳ ಕಥೆಯನ್ನು ಬೇಗ ಮುಗಿಸುತ್ತೇನೆ. 1923ರಲ್ಲಿ ಮನಿಲಾದ ರೋಟರಿ ಕ್ಲಬ್ಬಿನ ಪ್ರಯತ್ನದಿಂದ ಅಮೆರಿಕದ ಸ್ಕೌಟ್ ಸಂಸ್ಥೆಯ ಶಾಖೆಯಾಗಿ ಒಂದು ಮಂಡಳಿ ಏರ್ಪಟ್ಟಿತು. 1936ರ ಅಕ್ಟೋಬರ್ 31ರಂದು ಅಧ್ಯಕ್ಷ ಮನುವೆಲ್ ಕೆಸೋನ್ ಶಾಸನವೊಂದಕ್ಕೆ ಅಂಕಿತ ಹಾಕಿ 'ಬಾಯ್ ಸ್ಕೌಟ್ಸ್ ಆಫ್ ದಿ ಫಿಲಿಪೀನ್ಸ್' ಎಂಬ ಸ್ವತಂತ್ರ ಸಂಸ್ಥೆಗೆ ಜನ್ಮ ನೀಡಿದರು. 1938ರ ಜನವರಿ 1ರಂದು ಅದರ ಉದ್ಘಾಟನೆ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ರಂದು. ಹಾಗಾಗಿ ದೇಶಕ್ಕಿಂತ ಮೊದಲೇ ಅಲ್ಲಿನ ಸ್ಕೌಟುಗಳು ಸ್ವತಂತ್ರರಾದರೆನ್ನಬಹುದು. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರು ಜೋಸೆಫ್ ಸ್ಟೀವನಾಟ್. ಇವರು ಅಮೆರಿಕದಲ್ಲಿ ಹುಟ್ಟಿ ಮನಿಲಾದಲ್ಲಿ ನೆಲೆಸಿ ಆ ದೇಶಕ್ಕೆ ದೂರವಾಣಿ ಜಾಲವನ್ನು ಕಟ್ಟಿಕೊಟ್ಟವರು, ಅಲ್ಲದೆ ವಿಮಾನ ಹಾರಿಸುವುದರಲ್ಲಿ ನಿಷ್ಣಾತರು. ಅವರೊಡನೆ ಕೈಜೋಡಿಸಿದವರಲ್ಲಿ ವಿಸೆಂತೆ ಲಿಮ್ ಎಂಬ ಸೇನಾಧಿಕಾರಿಯೂ ಒಬ್ಬರು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಫಿಲಿಪಿನೋ ಇವರು. ಪದವಿ ಪಡೆದದ್ದು 1914ರಲ್ಲಿ. ಜಾಂಬೋವಾಂಗಾದ ದಳ ಹುಟ್ಟಿದ್ದೂ ಅದೇ ವರ್ಷ.

ಹೆಣ್ಣುಮಕ್ಕಳ ಸಂಸ್ಥೆಯನ್ನು ಕಟ್ಟಿದವರು ಹೊಸೆಫಾ ಯಾನೆಸ್ ಎಸ್ಕೋಡಾ. ಇವರು ನಮ್ಮ ವೃತ್ತಿಬಾಂಧವರು. ಮನಿಲಾದ ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಕಿಯ ತರಬೇತಿ ಪಡೆದವರು. ಮುಂದೆ ಸಮಾಜಸೇವೆಗೆ ಇಳಿದು, ಅಮೆರಿಕಕ್ಕೆ ಹೋಗಿ ಗರ್ಲ್ ಸ್ಕೌಟ್ ತರಬೇತಿಯನ್ನು ಮುಗಿಸಿ ಬಂದು, ತಾವೇ ಯುವತಿಯರಿಗೆ ತರಬೇತಿ ನೀಡಿದರು. 1940ರ ಮೇ 26ರಂದು 'ಗರ್ಲ್ ಸ್ಕೌಟ್ಸ್ ಆಫ್ ದಿ ಫಿಲಿಪೀನ್ಸ್' ಸಂಸ್ಥೆಗೆ ಶಾಸನದ ಮನ್ನಣೆ ದೊರೆಯಿತು.

ಇದಾಗಿ ಎರಡು ವರ್ಷ ತುಂಬುವ ಮೊದಲೇ ಜಪಾನಿ ಸೇನೆ ಮನಿಲಾವನ್ನು ಹಿಡಿಯಿತು.

ಆ ಮೂರು ವರ್ಷಗಳಲ್ಲಿ ಈ ಮೂವರಿಗೆ ಏನಾಯಿತೆಂದು ಕೇಳಿ. ಸ್ಟೀವನಾಟ್ ಸೇನೆ ಸೇರಿ, 1943ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಹೆಬ್ರಿಡೀಸ್ ದ್ವೀಪಗಳಲ್ಲಿ ವಿಮಾನಾಪಘಾತಕ್ಕೆ ತುತ್ತಾದರು. ಲಿಮ್ ಬತಾನ್ ಯುದ್ಧಭೂಮಿಯಲ್ಲಿ ಒಂದು ಡಿವಿಜನ್ನಿನ ನಾಯಕರಾಗಿ ಹೋರಾಡಿ ಸೆರೆಯಾದರು. ಬಿಡುಗಡೆಯಾದ ಮೇಲೂ ಗುಪ್ತವಾಗಿ ಪ್ರತಿರೋಧದಲ್ಲಿ ತೊಡಗಿ, 1944ರಲ್ಲಿ ಮತ್ತೆ ಸಿಕ್ಕಿಬಿದ್ದು ಜಪಾನೀಯರಿಂದ ಹತರಾದರು. ಎಸ್ಕೋಡಾ ಅವರು ಯುದ್ಧಕೈದಿಗಳ ಶಿಬಿರಗಳಿಗೆ ಆಹಾರ, ಔಷಧ, ಬಟ್ಟೆ ಮತ್ತು ಮನೆಯವರ ಸುದ್ದಿಯನ್ನು ಕದ್ದು ಸಾಗಿಸುತ್ತಿದ್ದರು. ಪತ್ರಕರ್ತರಾಗಿದ್ದ ಪತಿ ಆಂಟೋನಿಯೊ ಮೊದಲು ಬಂಧಿತರಾದರು. ಆಗಲಾದರೂ ಊರು ಬಿಟ್ಟು ಅಡಗಿಕೊಳ್ಳಬಹುದಿತ್ತು, ಆಕೆ ಹೋಗಲಿಲ್ಲ. 1944ರ ಆಗಸ್ಟಿನಲ್ಲಿ ಆಕೆಯನ್ನೂ ಹಿಡಿದು ಸ್ಯಾಂಟಿಯಾಗೊ ಕೋಟೆಯಲ್ಲಿ ಇರಿಸಿದರು. 1945ರ ಜನವರಿ ಮೊದಲ ವಾರದಲ್ಲಿ ಜೀವಂತವಾಗಿ ಕಂಡದ್ದೇ ಕೊನೆ. ಆ ಬಳಿಕ ಆಕೆಯ ಸುಳಿವಿಲ್ಲ, ಸಮಾಧಿಯೂ ಇಲ್ಲ.

ಫಿಲಿಪೀನ್ಸಿನ ಸಾವಿರ ಪೆಸೊ ನೋಟನ್ನು ನೋಡುವ ಅವಕಾಶ ಸಿಕ್ಕರೆ ಗಮನಿಸಿ. 1991ರಿಂದ ಅಚ್ಚಾದ ಕಾಗದದ ನೋಟಿನಲ್ಲಿ ಮೂರು ಮುಖಗಳಿವೆ: ನ್ಯಾಯಮೂರ್ತಿ ಹೊಸೆ ಅಬಾದ್ ಸಾಂತೋಸ್, ಎಸ್ಕೋಡಾ ಮತ್ತು ಲಿಮ್. ಒಂದು ದೇಶದ ಅತಿ ದೊಡ್ಡ ನೋಟಿನ ಮೂವರಲ್ಲಿ ಇಬ್ಬರು ಸ್ಕೌಟ್ ಚಳವಳಿಯ ಸ್ಥಾಪಕರು! 2022ರಲ್ಲಿ ಬಂದ ಪಾಲಿಮರ್ ನೋಟಿನಲ್ಲಿ ಇವರ ಬದಲು ಅಲ್ಲಿನ ರಾಷ್ಟ್ರಪಕ್ಷಿಯಾದ ಹದ್ದನ್ನು ಅಚ್ಚು ಹಾಕಿದರು. ಅಲ್ಲಿನ ಹಲವರಿಗೆ ಇದು ಬೇಸರ ತಂದಿತು. ಹದ್ದಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಬೇಸರಪಟ್ಟವರ ಪಕ್ಷವೇ ನನ್ನದೂ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ನಮ್ಮ ಶಾಲೆಯ ಮೈದಾನದಲ್ಲಿ ಎರಡು ಬಾವುಟ ಹಿಡಿಸಿ ಸಿಮಫೋರ್ ಕಲಿಸುತ್ತಿದ್ದಾಗ, "ಸಾರ್, ಫೋನ್ ಇರುವಾಗ ಇದು ಯಾಕೆ ಬೇಕು?" ಎಂದು ಕೇಳಿದವರು ನಿಮ್ಮಲ್ಲೇ ಇದ್ದಾರೆ; ಹೆಸರು ಹೇಳುವುದಿಲ್ಲ! ಸಿಮಫೋರ್ ಎಂದರೇನೆಂದು ಬಂಧುಗಳಿಗಾಗಿ ಒಂದು ಮಾತು. ಎರಡು ಕೈಗಳಲ್ಲಿ ಎರಡು ಬಾವುಟ ಹಿಡಿದು, ಗಡಿಯಾರದ ಮುಳ್ಳುಗಳಂತೆ ತೋಳುಗಳನ್ನು ಬೇರೆಬೇರೆ ಕೋನಗಳಲ್ಲಿ ಚಾಚುವುದು. ಒಂದೊಂದು ಭಂಗಿಗೆ ಒಂದೊಂದು ಅಕ್ಷರ. ದೂರದಲ್ಲಿ ನಿಂತವನು ದುರ್ಬೀನಿನಲ್ಲಿ ನೋಡಿ ಅಕ್ಷರಗಳನ್ನು ಕೂಡಿಸಿ ಓದಿಕೊಳ್ಳಬೇಕು. ವಾಕ್ಯವೊಂದನ್ನು ಕಳಿಸುವಷ್ಟರಲ್ಲಿ ತೋಳು ಸೋತುಹೋಗುತ್ತದೆ.

ಲೇಟೆ ಎಂಬುದು ಫಿಲಿಪೀನ್ಸಿನ ಪೂರ್ವ ಭಾಗದ ಒಂದು ದ್ವೀಪ. ಅದರ ಪೂರ್ವದ ಕೊಲ್ಲಿ ಪೆಸಿಫಿಕ್ ಸಾಗರಕ್ಕೆ ತೆರೆದುಕೊಂಡಿದೆ. 1944ರ ಅಕ್ಟೋಬರಿನಲ್ಲಿ, ಜಪಾನೀಯರನ್ನು ಹೊರಹಾಕಲು ಬಂದ ಅಮೆರಿಕನ್ ನೌಕಾಪಡೆ ಆ ಕೊಲ್ಲಿಯನ್ನು ತುಂಬಿತು. ಸೈನಿಕರನ್ನು ದಡಕ್ಕೆ ಇಳಿಸುವ ಮೊದಲು ತೀರವನ್ನು ಫಿರಂಗಿಗಳಿಂದ ಹಣ್ಣುಗಾಯಿ ಮಾಡುವುದು ಆ ಯುದ್ಧದ ರೂಢಿ. ತೀರದಲ್ಲಿ ಜಪಾನಿ ಪಡೆಯಿತ್ತು ನಿಜ; ಬೆಸ್ತರ ಗುಡಿಸಲುಗಳೂ ಇದ್ದವು. ಹಡಗಿನಲ್ಲಿದ್ದವರಿಗೆ ಯಾವುದು ಬಂಕರು, ಯಾವುದು ಗುಡಿಸಲು ಎಂದು ಹೇಗೆ ತಿಳಿಯಬೇಕು?

ಟೊಲೊಸಾ ಊರಿಗೆ ಸೇರಿದ ತೆಲೆಗ್ರಾಫೊ ಎಂಬ ಹಳ್ಳಿಯಲ್ಲಿ ವಲೇರಿಯಾನೊ ಅಬೆಲ್ಯೊ ಎಂಬ ಸ್ಕೌಟ್ ಇದ್ದನು. ಅಕ್ಟೋಬರ್ 18ರಂದು ಆತ ಬಯಲಿಗೆ ಬಂದು ನಿಂತು, ಹಡಗುಗಳ ಕಡೆಗೆ ಸಿಮಫೋರ್ ಸಂಕೇತ ಮಾಡತೊಡಗಿದನು. ತೀರಕ್ಕೆ ಗುಂಡು ಹಾರಿಸಬೇಡಿ, ಇಲ್ಲಿ ಜನರಿದ್ದಾರೆ, ಎಲ್ಲಿ ಹೊಡೆಯಬೇಕೆಂದು ನಾನು ತೋರಿಸುತ್ತೇನೆ ಎಂಬುದು ಆ ಸಂಕೇತದ ತಾತ್ಪರ್ಯ. ಬೆನ್ನ ಹಿಂದೆ ಜಪಾನೀಯರು, ಎದುರಿಗೆ ಫಿರಂಗಿಗಳು. ಹಡಗಿನಲ್ಲಿ ಯಾರೋ ಒಬ್ಬ ಅದನ್ನು ಓದಿ, ಹಡಗಿಗೆ ಬರುವಂತೆ ಮರುಸಂಕೇತ ಕಳಿಸಿದನು. ಅಬೆಲ್ಯೊ ಇಬ್ಬರು ಗೆಳೆಯರೊಡನೆ ಸಣ್ಣ ದೋಣಿಯೇರಿ ಹಡಗನ್ನು ತಲುಪಿ, ಜಪಾನಿ ನೆಲೆಗಳು ಎಲ್ಲೆಲ್ಲಿವೆಯೆಂದು ತೋರಿಸಿಕೊಟ್ಟನು. ಗುಂಡುಗಳು ಅತ್ತ ತಿರುಗಿದವು, ಹಳ್ಳಿಗರ ಪ್ರಾಣ ಉಳಿಯಿತು. ಎರಡು ದಿನಗಳ ಬಳಿಕ, ಅಕ್ಟೋಬರ್ 20ರಂದು, ಜನರಲ್ ಮೆಕಾರ್ಥರ್ ಅದೇ ದ್ವೀಪದ ತೀರದಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಡೆದು ಬಂದ ಭಾವಚಿತ್ರ ಜಗತ್ಪ್ರಸಿದ್ಧವಾಯಿತು. ಬಾವುಟ ಬೀಸಿದವನನ್ನು ಅವನ ದೇಶ ಗೌರವಿಸಿತು. ಹೊರಗಿನವರಿಗೆ ಅವನ ಹೆಸರೂ ತಿಳಿಯದು.

ಅಮೆರಿಕನ್ ಸೇನೆಯವನೊಬ್ಬ ಜಾಂಬೋವಾಂಗಾದಲ್ಲಿ ಸ್ಕೌಟಿಂಗ್ ಕಲಿಸಿದ ಮೂವತ್ತು ವರ್ಷಗಳ ನಂತರ, ಅದೇ ವಿದ್ಯೆಯನ್ನು ಬಳಸಿ ಫಿಲಿಪಿನೋ ಒಬ್ಬನು ಅಮೆರಿಕದ ಫಿರಂಗಿಗಳಿಗೆ ದಿಕ್ಕು ಹೇಳಿದನು. ವಿಧೇಯತೆಯ ಕಾರ್ಖಾನೆ ಎನ್ನುವ ವಿದ್ವಾಂಸರಿಗೆ ನಾನು ಈ ಪ್ರಸಂಗವನ್ನೇ ಎದುರಿಡುತ್ತೇನೆ.

ಯುದ್ಧ ಮುಗಿಯುವಷ್ಟರಲ್ಲಿ ಮನಿಲಾ ಹಾಳೂರಾಗಿತ್ತು. ಅಂಥ ದೇಶ ಹದಿನಾಲ್ಕು ವರ್ಷಗಳಲ್ಲಿ ಚೇತರಿಸಿಕೊಂಡು ಜಗತ್ತಿನ ಸ್ಕೌಟುಗಳನ್ನೆಲ್ಲ ತನ್ನ ಅಂಗಳಕ್ಕೆ ಕರೆಯಿತು. 1959ರ ಜುಲೈ ತಿಂಗಳಿನಲ್ಲಿ ಹತ್ತನೆಯ ವಿಶ್ವ ಜಾಂಬೂರಿ ಮನಿಲಾದ ದಕ್ಷಿಣಕ್ಕೆ, ಲೋಸ್ ಬಾನ್ಯೋಸ್ ಬಳಿಯ ಮಾಕಿಲಿಂಗ್ ಪರ್ವತದ ಮಡಿಲಲ್ಲಿ ಜರುಗಿತು. ಏಷ್ಯಾ ಖಂಡದಲ್ಲಿ ನಡೆದ ಮೊದಲ ವಿಶ್ವ ಜಾಂಬೂರಿ ಅದೇ. 44 ದೇಶಗಳ 12,203 ಸ್ಕೌಟುಗಳು ಸೇರಿದ್ದರು. ದ್ವಾರಗಳಿಗೆ, ಬೇಲಿಗಳಿಗೆ, ಕಟ್ಟಡಗಳಿಗೆ ಎಲ್ಲೆಲ್ಲೂ ಬಿದಿರನ್ನೇ ಬಳಸಿದ್ದರಿಂದ ಅದಕ್ಕೆ 'ಬಿದಿರು ಜಾಂಬೂರಿ' ಎಂದೇ ಹೆಸರಾಯಿತು. ಬಿದಿರುಗಳವನ್ನು ಹಗ್ಗದಿಂದ ಬಿಗಿದು ಶಿಬಿರದ್ವಾರ ಕಟ್ಟುವ ಕಷ್ಟ ಸುಖಗಳನ್ನು ನಮ್ಮ ದಳದವರು ಚೆನ್ನಾಗಿ ಬಲ್ಲರು. ಅತಿಥಿಗಳನ್ನು ಹಾಗೆ ಸತ್ಕರಿಸಿದ ದೇಶದ ಹುಡುಗರು, ನಾಲ್ಕು ವರ್ಷಗಳ ಬಳಿಕ ತಾವೇ ಅತಿಥಿಗಳಾಗಿ ಹೊರಟರು.

ಹನ್ನೊಂದನೆಯ ವಿಶ್ವ ಜಾಂಬೂರಿ 1963ರ ಆಗಸ್ಟ್ 1ರಿಂದ ಗ್ರೀಸ್ ದೇಶದ ಮ್ಯಾರಥಾನ್ ಬಯಲಿನಲ್ಲಿ ಆರಂಭವಾಗಬೇಕಿತ್ತು. ಇತಿಹಾಸದ ಪಾಠದಲ್ಲಿ ನೀವು ಓದಿದ ಮ್ಯಾರಥಾನ್ ಅದೇ. ಫಿಲಿಪೀನ್ಸಿನಿಂದ 24 ಮಂದಿಯ ತಂಡ ಹೊರಟಿತು. ಬಹುತೇಕರು ಹುಡುಗರು, ಜೊತೆಯಲ್ಲಿ ಕೆಲವರು ಹಿರಿಯ ನಾಯಕರು. ಅಂಥ ಅಂತರರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗುವುದು ಎಂದರೇನೆಂದು ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆಗೆ ಕುಳಿತವರಿಗೆ ಹೇಳಬೇಕಾಗಿಲ್ಲ. ವರ್ಷಾನುಗಟ್ಟಲೆ ಬ್ಯಾಡ್ಜುಗಳನ್ನು ಒಂದೊಂದಾಗಿ ಗಳಿಸಿದ ಹುಡುಗರೇ ಅಲ್ಲಿಗೆ ತಲುಪುತ್ತಾರೆ.

ಅವರು ಪ್ರಯಾಣಿಸುತ್ತಿದ್ದದ್ದು ಟೋಕಿಯೋದಿಂದ ಕೈರೋಗೆ ಹೋಗುವ ಯುನೈಟೆಡ್ ಅರಬ್ ಏರ್‌ಲೈನ್ಸ್ ಸಂಸ್ಥೆಯ ಕಾಮೆಟ್ ಜೆಟ್ ವಿಮಾನದಲ್ಲಿ. ದಾರಿಯಲ್ಲಿ ಮುಂಬಯಿಯಲ್ಲಿ ಇಳಿಯಬೇಕಿತ್ತು. 1963ರ ಜುಲೈ 28. ಪಶ್ಚಿಮ ಕರಾವಳಿಯಲ್ಲಿ ಜುಲೈ ತಿಂಗಳ ಕೊನೆಯ ವಾರವೆಂದರೆ ಹೇಗಿರುತ್ತದೆಂದು ನಮಗೆ ಯಾರೂ ವರ್ಣಿಸಬೇಕಾಗಿಲ್ಲ. ಜಡಿಮಳೆ, ಎತ್ತಿ ಕುಕ್ಕುವ ಗಾಳಿ. ಸಾಂತಾಕ್ರೂಜ್ ನಿಲ್ದಾಣದಲ್ಲಿ ಇಳಿಯಲು ಸಮುದ್ರದ ಮೇಲೆ ತಿರುಗುತ್ತಿದ್ದ ವಿಮಾನವು ಆ ಹವೆಯಲ್ಲಿ ಹತೋಟಿ ತಪ್ಪಿ ಅರಬ್ಬೀ ಸಮುದ್ರಕ್ಕೆ ಬಿದ್ದಿತು. ಒಟ್ಟು 63 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಾನಾಗ ನಡೆಯಲು ಕಲಿಯುತ್ತಿದ್ದ ಮಗು. ಈ ವಿಷಯ ನನಗೆ ತಿಳಿದದ್ದು ಸ್ಕೌಟ್ ಮಾಸ್ಟರ್ ಆದ ಎಷ್ಟೋ ವರ್ಷಗಳ ಮೇಲೆ, ಹಳೆಯ ಜಾಂಬೂರಿಗಳ ಬಗೆಗೆ ಓದುತ್ತಿದ್ದಾಗ.

ನಾಲ್ಕು ದಿನಗಳ ತರುವಾಯ ಮ್ಯಾರಥಾನಿನಲ್ಲಿ ಜಾಂಬೂರಿ ಆರಂಭವಾಯಿತು.

ಓದುವಾಗ ನನಗೆ ನೆನಪಾದದ್ದು ಒಪ್ಪಿಗೆ ಪತ್ರಗಳು. ಶಿಬಿರಕ್ಕೆ ಹೊರಡುವ ಮುನ್ನ ಪ್ರತಿ ಹುಡುಗನ ಪಾಲಕರಿಂದ ಪಡೆಯುತ್ತಿದ್ದೆವಲ್ಲ, ಆ ಒಂದು ಹಾಳೆ. ಕೊಂಡಜ್ಜಿಯ ಶಿಬಿರಕ್ಕೆ ಹೋಗುವಾಗ ಒಬ್ಬ ತಾಯಿ ಬಸ್ ನಿಲ್ದಾಣದಲ್ಲೇ ಹೆಬ್ಬೆಟ್ಟು ಒತ್ತಿ, "ನೀವಿದ್ದೀರಲ್ಲ ಮೇಷ್ಟ್ರೇ, ಇನ್ನೇನು ಭಯ" ಎಂದು ಹೇಳಿ, ಮಗನ ಕಡೆಗೆ ತಿರುಗಿಯೂ ನೋಡದೆ ಹೊಲದ ಕೆಲಸಕ್ಕೆ ಹೊರಟುಹೋದರು. ಆ ಮಾತಿನ ಭಾರದಿಂದ ನನಗೆ ಆ ನಾಲ್ಕು ರಾತ್ರಿಯೂ ಸರಿಯಾಗಿ ನಿದ್ದೆ ಬರಲಿಲ್ಲ. ಹುಡುಗರು ಮಲಗಿದ ಮೇಲೆ ಟಾರ್ಚು ಹಿಡಿದು ಡೇರೆ ಡೇರೆಗೂ ಹೋಗಿ ತಲೆ ಎಣಿಸುತ್ತಿದ್ದೆ. "ಸಾರ್‌ಗೆ ನಿದ್ದೆಯಲ್ಲಿ ನಡೆಯುವ ಕಾಯಿಲೆ" ಎಂದು ನೀವು ನಕ್ಕದ್ದೂ ನನಗೆ ಗೊತ್ತು. ಮನಿಲಾದ ವಿಮಾನ ನಿಲ್ದಾಣದಲ್ಲಿಯೂ ಆ ನಾಯಕರಿಗೆ ತಾಯಂದಿರು ಇಂಥದೇ ಏನನ್ನೋ ಹೇಳಿರಬೇಕು. ಗಂಟು ಹಾಕಲು, ಗಾಯಕ್ಕೆ ಪಟ್ಟಿ ಕಟ್ಟಲು, ನಕ್ಷೆ ಓದಲು ಕಲಿಸಬಹುದು. 'ಸದಾ ಸಿದ್ಧ' ಎಂಬ ಧ್ಯೇಯವಾಕ್ಯವನ್ನು ದಿನವೂ ಹೇಳಿಸಬಹುದು. ವಿಮಾನದ ಆಸನದಲ್ಲಿ ಕುಳಿತ ಹುಡುಗ ಯಾವುದಕ್ಕೆ ಸಿದ್ಧನಾಗಿರಬೇಕು? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಅದನ್ನು ಓದಿದ ಮರುವರ್ಷ ನಾನು ಮತ್ತೆ ಮಕ್ಕಳನ್ನು ಕರೆದುಕೊಂಡು ಶಿಬಿರಕ್ಕೆ ಹೊರಟೆ. ಫಿಲಿಪೀನ್ಸಿನವರೂ ತಮ್ಮ ಸ್ಕೌಟ್ ದಳಗಳನ್ನು ಮುಚ್ಚಲಿಲ್ಲ.

ಅವರು ಮಾಡಿದ್ದು ಇಷ್ಟು. ಮನಿಲಾದ ಉತ್ತರ ಸ್ಮಶಾನದಲ್ಲಿ ಒಂದು ಸ್ಮಾರಕವನ್ನು ಕಟ್ಟಿದರು. ಕೆಸೋನ್ ನಗರದಲ್ಲಿ ತಿಮೋಗ್ ಮತ್ತು ತೋಮಾಸ್ ಮೊರಾತೊ ರಸ್ತೆಗಳು ಕೂಡುವ ವೃತ್ತದ ನಡುವೆ ಇನ್ನೊಂದನ್ನು ನಿಲ್ಲಿಸಿದರು. ಆ ವೃತ್ತದ ಸುತ್ತಣ ಬೀದಿಗಳಿಗೆ, ಒಂದು ಬೀದಿಗೆ ಒಬ್ಬರಂತೆ, ತೀರಿಕೊಂಡವರ ಹೆಸರಿಟ್ಟರು. ಪತ್ರ ಬರೆದ ಹುಡುಗಿ ಕಂಡ ಫಲಕಗಳು ಇವೇ. ಅವುಗಳ ನಡುವೆ ಡಾಕ್ಟರ್ ಲಾಸ್ಕಾನೊ ಎಂಬ ಬೀದಿಯೂ ಇದೆ. ಅದು ಮಕ್ಕಳೊಡನೆ ಹೊರಟ ಹಿರಿಯರೊಬ್ಬರದು. ಅಲ್ಲಿಯ ಒಂದು ವಾರ್ಡಿಗೆ ಲಾಗಿಂಗ್ ಹಂದಾ ಎಂದು ಹೆಸರು. ತಗಾಲೊಗ್ ಭಾಷೆಯಲ್ಲಿ ಅದರ ಅರ್ಥ 'ಸದಾ ಸಿದ್ಧ'.

ನಾವು ಬೀದಿಗಳಿಗೆ ಮಂತ್ರಿಗಳ, ಮಹಾರಾಜರ, ದಾನಿಗಳ ಹೆಸರಿಡುತ್ತೇವೆ. ಹೈಸ್ಕೂಲು ಹುಡುಗರ ಹೆಸರಿಟ್ಟ ಬಡಾವಣೆ ಇನ್ನೆಲ್ಲಾದರೂ ಇದೆಯೋ ಇಲ್ಲವೋ, ನಾನು ಕೇಳಿಲ್ಲ. ಆ ಪ್ರದೇಶ ಈಗ ಹೋಟೆಲುಗಳಿಗೆ, ರಾತ್ರಿಯ ಊಟಕ್ಕೆ, ಸಂಗೀತಕ್ಕೆ ಹೆಸರುವಾಸಿಯಾಗಿದೆ. ಸಂಜೆಯಾದರೆ ವಾಹನಗಳ ಸಾಲು. ಬಾಡಿಗೆ ಕಾರು ಹತ್ತಿದವರು ಚಾಲಕನಿಗೆ ಸ್ಕೌಟ್ ಟೋಬಿಯಾಸ್ ಎನ್ನುತ್ತಾರೆ, ಸ್ಕೌಟ್ ರೇಯೆಸ್ ಎನ್ನುತ್ತಾರೆ. ಗೆಳೆಯರು ಫೋನಿನಲ್ಲಿ ಸ್ಕೌಟ್ ಬೊರೊಮಿಯೊದ ತಿರುವಿನಲ್ಲಿ ಕಾಯುತ್ತಿರು ಎನ್ನುತ್ತಾರೆ. ಬಹಳಷ್ಟು ಮಂದಿಗೆ ಅದು ಬರಿಯ ವಿಳಾಸ. ಹುಡುಗರ ಹೆಸರುಗಳನ್ನು ಮಾತ್ರ ದಿನವೂ ಯಾರಾದರೂ ಕೂಗುತ್ತಲೇ ಇರುತ್ತಾರೆ.